ಮೂವತ್ತು ಗಂಟೆಯ ವಿಮಾನಯಾನಕ್ಕೆ ಕೂಸಿನ ಬುತ್ತಿ

"ಏಳು ತಿಂಗಳ ಮಗುವನ್ನು ಕರೆದುಕೊಂಡು ಒಬ್ಬಳೇ ಅಮೆರಿಕಕ್ಕೆ ಹೊರಟಿದ್ದೇನೆ, ಪುಡಿಹಾಲು ಎಷ್ಟು ಒಯ್ಯಲಿ?" "ರಾಗಿ ಸರಿ ಹಿಟ್ಟನ್ನು ವಿಮಾನ ನಿಲ್ದಾಣದಲ್ಲಿ ಬಿಡುತ್ತಾರೆಯೇ?" "ವಿಮಾನದೊಳಗೆ ಬಿಸಿನೀರು ಸಿಗುತ್ತದೆಯೇ?" ಈ ಮೂರು ಪ್ರಶ್ನೆಗಳನ್ನು ನನಗೆ ಮತ್ತೆ ಮತ್ತೆ ಕೇಳುತ್ತಾರೆ. ತವರಿನಲ್ಲಿ ಬಾಣಂತನ ಮುಗಿಸಿ ಗಂಡನಿರುವ ದೇಶಕ್ಕೆ ಮರಳುವ ತಾಯಂದಿರು ಕೇಳುತ್ತಾರೆ, ಮೊಮ್ಮಗು ಮೊದಲ ಸಲ ಊರಿಗೆ ಬರುತ್ತಿದೆ ಎಂದು ಕಾತರದಿಂದಿರುವ ಅಜ್ಜಿಯರೂ ಕೇಳುತ್ತಾರೆ. ಹಾಗಾಗಿ ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ. ಇಲ್ಲಿ ಹೇಳುವುದೆಲ್ಲ ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿನ ಮಾತು. ಅವಧಿಗೆ ಮುನ್ನ ಹುಟ್ಟಿದ ಮಗು ಅಥವಾ ಹೃದಯ, ಶ್ವಾಸಕೋಶದ ತೊಂದರೆಯಿರುವ ಮಗುವಾದರೆ ಟಿಕೆಟ್ ತೆಗೆಯುವ ಮೊದಲೇ ಮಕ್ಕಳ ವೈದ್ಯರನ್ನು ಕಾಣಿ.

1. ಮೊದಲು ಗಂಟೆಗಳನ್ನು ಎಣಿಸಿ

ಟಿಕೆಟ್ಟಿನಲ್ಲಿ ಅಚ್ಚಾಗಿರುವ ಗಂಟೆಗಳನ್ನು ನಂಬಿ ಬುತ್ತಿ ಕಟ್ಟುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಲೆಕ್ಕ ಹಾಕಬೇಕಾದದ್ದು ಈ ಮನೆಯ ಬಾಗಿಲಿನಿಂದ ಆ ಮನೆಯ ಬಾಗಿಲವರೆಗೆ. ಮೈಸೂರಿನಿಂದ ಅಮೆರಿಕದ ಪೂರ್ವ ಕರಾವಳಿಗೆ ಕೊಲ್ಲಿ ದೇಶವೊಂದರ ಮೂಲಕ ಹೋಗುವವರ ಲೆಕ್ಕ ನೋಡಿ. ದೇವನಹಳ್ಳಿ ತಲುಪಲು ನಾಲ್ಕೂವರೆ ಗಂಟೆ. ವಿಮಾನ ಹೊರಡುವ 3 ಗಂಟೆ ಮೊದಲೇ ಅಲ್ಲಿರಬೇಕು. ಕೊಲ್ಲಿಗೆ ಸುಮಾರು 4 ಗಂಟೆ, ಅಲ್ಲಿ ಕಾಯುವುದು 3 ಗಂಟೆ, ಮುಂದಿನ ಹಾರಾಟ 14 ಗಂಟೆ, ಇಳಿದ ಮೇಲೆ ವಲಸೆ ತಪಾಸಣೆ, ಸಾಮಾನು, ಕಾರು ಎಂದು 2 ಗಂಟೆ. ಒಟ್ಟು ಮೂವತ್ತೂವರೆ. ಇದರ ಮೇಲೆ ವಿಮಾನ ತಡವಾದರೆ ಎಂದು ಇನ್ನೂ 8 ಗಂಟೆ ಸೇರಿಸಿ.

ಪುಡಿಹಾಲು (ಶಿಶುಗಳಿಗೆಂದೇ ಮಾಡಿದ ಫಾರ್ಮುಲಾ) ಕುಡಿಯುವ ಆರು ತಿಂಗಳೊಳಗಿನ ಮಗುವಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 150 ಮಿಲಿಲೀಟರ್ ಹಾಲು ಎಂಬುದು ರೂಢಿಯ ಲೆಕ್ಕ. ಆರು ಕಿಲೋ ತೂಗುವ ಕೂಸಿಗೆ ದಿನಕ್ಕೆ 900 ಮಿಲಿಲೀಟರ್, ಅಂದರೆ 150ರಂತೆ ಆರು ಸಲ. ಮೂವತ್ತು ಗಂಟೆಗೆ ಎಂಟು ಸಲ, ತಡಕ್ಕೆ ಎರಡು, ಚೆಲ್ಲಿಹೋಗುವುದಕ್ಕೆ ಎರಡು. ಹನ್ನೆರಡು ಸಲದ ಪುಡಿ ಕೈಚೀಲದಲ್ಲಿರಲಿ. ಉಳಿದ ಡಬ್ಬಿಯನ್ನು ಬೇಕಿದ್ದರೆ ದೊಡ್ಡ ಪೆಟ್ಟಿಗೆಯಲ್ಲಿಡಿ. ಆ ಪೆಟ್ಟಿಗೆ ನಿಮ್ಮೊಡನೆಯೇ ಬಂದು ತಲುಪುತ್ತದೆ ಎಂದು ಮಾತ್ರ ಭಾವಿಸಬೇಡಿ.

ಯಾವ ಕಂಪನಿಯ ಪುಡಿ ಒಳ್ಳೆಯದು ಎಂದು ಕೇಳುವವರಿಗೆ: ನಾನು ಹೆಸರು ಹೇಳುವುದಿಲ್ಲ. ನಮ್ಮ ದೇಶದಲ್ಲಿ 1992ರ ಕಾಯ್ದೆಯು ಶಿಶುಹಾಲಿನ ಪ್ರಚಾರವನ್ನು ನಿಷೇಧಿಸಿದೆ, ಅದು ಸರಿಯಾದ ಕಾಯ್ದೆ ಎಂದೇ ನನ್ನ ನಂಬಿಕೆ. ಮಗುವಿಗೆ ಈಗ ಒಗ್ಗಿರುವುದನ್ನೇ ಒಯ್ಯಿರಿ. ಪ್ರಯಾಣದ ವಾರದಲ್ಲಿ ಹೊಸ ಹಾಲು, ಹೊಸ ಹಣ್ಣು, ಹೊಸ ಧಾನ್ಯ ಯಾವುದನ್ನೂ ಶುರುಮಾಡಬೇಡಿ.

ಎದೆಹಾಲು ಕುಡಿಯುವ ಮಗುವಿಗೆ ಈ ಲೆಕ್ಕವೇ ಬೇಡ. ಅಲ್ಲಿ ಎಣಿಸಬೇಕಾದದ್ದು ತಾಯಿಯ ಊಟ, ತಾಯಿಯ ನೀರು. ಅದನ್ನು ಮುಂದೆ ಹೇಳುತ್ತೇನೆ.

2. ಟಿಕೆಟ್ ಕೈಗೆ ಬಂದ ದಿನವೇ ಎರಡು ಮಾತು

ವಿಮಾನ ಸಂಸ್ಥೆಗೆ ಕರೆ ಮಾಡಿ ತೊಟ್ಟಿಲ ಸೀಟು ಕೇಳಿ. ಬ್ಯಾಸಿನೆಟ್ ಎನ್ನುವ ಈ ಪುಟ್ಟ ತೊಟ್ಟಿಲನ್ನು ಸೀಟುಗಳ ಮುಂದಿನ ಅಡ್ಡಗೋಡೆಗೆ ಸಿಕ್ಕಿಸುತ್ತಾರೆ. ಇವು ಕೆಲವೇ ಇರುತ್ತವೆ, ತೂಕದ ಮಿತಿಯೂ ಉಂಟು. ಎರಡನೆಯದು ಊಟ. ಶಿಶು ಆಹಾರಕ್ಕೆ ಬಿಬಿಎಂಎಲ್, ಭಾರತೀಯ ಶೈಲಿಯ ಸಸ್ಯಾಹಾರಕ್ಕೆ ಎವಿಎಂಎಲ್ ಎಂಬ ಸಂಕೇತಗಳಿವೆ. ಇವನ್ನು ಹೊರಡುವ ಒಂದೆರಡು ದಿನ ಮೊದಲೇ ನಮೂದಿಸಿರಬೇಕು. ಶಿಶು ಆಹಾರವೆಂದರೆ ಹೆಚ್ಚಾಗಿ ಅಂಗಡಿಯಲ್ಲಿ ಸಿಗುವ ನುಣ್ಣಗೆ ಅರೆದ ಹಣ್ಣು, ತರಕಾರಿ ಅಥವಾ ಮಾಂಸದ ಶೀಶೆ. ಸಸ್ಯಾಹಾರಿಗಳು ಮುಚ್ಚಳ ತೆರೆಯುವ ಮುನ್ನ ಚೀಟಿ ಓದಿ. ಅದನ್ನೇ ನೆಚ್ಚಿ ಹೋಗಬೇಡಿ, ಸಿಕ್ಕರೆ ಲಾಭ ಎಂದಷ್ಟೇ ತಿಳಿಯಿರಿ.

3. ಚೀಲ ಕಟ್ಟುವುದು

ಪುಡಿಹಾಲನ್ನು ಒಂದೊಂದು ಸಲಕ್ಕೆ ಬೇಕಾದಷ್ಟು ಅಳೆದು ಒಣಗಿದ, ಶುಚಿಯಾದ ಪುಟ್ಟ ಡಬ್ಬಿಗಳಲ್ಲಿ ತುಂಬಿ. ಅರೆಗತ್ತಲೆಯ ವಿಮಾನದಲ್ಲಿ, ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಚಮಚ ಎಣಿಸುವುದು ಆಗದ ಮಾತು. ಮೂರು ಚಮಚವೋ ನಾಲ್ಕೋ ಎಂದು ಮರೆತರೆ ಹಾಲು ತೆಳುವಾಗುತ್ತದೆ ಇಲ್ಲವೇ ಗಟ್ಟಿಯಾಗುತ್ತದೆ, ಎರಡೂ ಮಗುವಿಗೆ ಒಳ್ಳೆಯದಲ್ಲ. ಪ್ರತಿ ಡಬ್ಬಿಯ ಮೇಲೆ ಎಷ್ಟು ನೀರಿಗೆ ಎಂದು ಬರೆದು ಅಂಟಿಸಿ. ಕಂಪನಿಯ ಮುದ್ರೆಯಿರುವ ಒಂದು ಚಿಕ್ಕ ಪೊಟ್ಟಣವೂ ಜೊತೆಗಿರಲಿ. ಬಿಳಿ ಪುಡಿ ಏನೆಂದು ತಪಾಸಣೆಯವರು ಕೇಳಿದಾಗ ಅದೇ ಉತ್ತರ ಹೇಳುತ್ತದೆ.

ಕುದಿಸಿ ಒಣಗಿಸಿದ ಬಾಟಲಿಗಳು ಎಷ್ಟು ಸಾಧ್ಯವೋ ಅಷ್ಟು ಬೇಕು, ಕಡಿಮೆಯೆಂದರೂ ಆರು. ವಿಮಾನದ ಶೌಚಾಲಯದ ನಲ್ಲಿಯಲ್ಲಿ ಬಾಟಲಿ ತೊಳೆಯಬೇಡಿ, ಅದು ಕುಡಿಯುವ ನೀರಲ್ಲ. ನಮ್ಮ ಅಜ್ಜಿಯರ ಒಳಲೆ (ಹಾಲುಣಿಸುವ ಮೂತಿಯಿರುವ ಪುಟ್ಟ ಬಟ್ಟಲು) ಇದ್ದರೆ ಅದನ್ನೂ ಚೀಲಕ್ಕೆ ಹಾಕಿ. ನಿಪ್ಪಲ್ ಒಲ್ಲದ ಕೂಸಿಗೆ ಇದರಷ್ಟು ಒದಗುವ ಸಾಧನ ಇನ್ನೊಂದಿಲ್ಲ, ಸಂದುಗೊಂದು ಇಲ್ಲದ್ದರಿಂದ ಶುಚಿಮಾಡುವುದೂ ಸುಲಭ. ವಿಮಾನ ಅಲುಗಾಡದೆ ಸಾಗುವಾಗ ಮಾತ್ರ ಬಳಸಿ.

ಹಿಂಡಿ ತೆಗೆದ ಎದೆಹಾಲು ಒಯ್ಯುವವರು ಈ ಅವಧಿಗಳನ್ನು ನೆನಪಿಡಿ. 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ. ಪೂರ್ತಿ ಹೆಪ್ಪುಗಟ್ಟಿದ ಐಸ್ ಪ್ಯಾಕ್‌ಗಳಿರುವ ಶೀತಚೀಲದಲ್ಲಿ 24 ಗಂಟೆ. ಫ್ರಿಜ್ಜಿನಲ್ಲಿ 4 ದಿನ. ಮಗು ಬಾಯಿ ಹಾಕಿ ಬಿಟ್ಟ ಹಾಲು 2 ಗಂಟೆಯ ಬಳಿಕ ಬೇಡ. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಕರಗಿಸಿದ ಹಾಲನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಮೂವತ್ತು ಗಂಟೆಯ ಪ್ರಯಾಣದಲ್ಲಿ ಶೀತಚೀಲದ 24 ಗಂಟೆ ನಡುದಾರಿಯಲ್ಲೇ ಮುಗಿಯುತ್ತದೆ. ಆದ್ದರಿಂದ ಹಿಂಡಿದ ಹಾಲನ್ನು ಮೊದಲ ಅರ್ಧದಲ್ಲಿ ಮುಗಿಸುವಂತೆ ಯೋಜಿಸಿ.

ಈಗ ಅನ್ನಾಹಾರ. ಆರು ತಿಂಗಳು ತುಂಬದ ಮಗುವಿಗೆ ಹಾಲಿನ ಹೊರತು ಏನೂ ಬೇಡ, "ಗಂಟಲು ಒಣಗೀತು" ಎಂದು ಹನಿ ನೀರೂ ಬೇಡ. ಆರು ತಿಂಗಳು ದಾಟಿದ ಮಕ್ಕಳ ವಿಷಯದಲ್ಲಿ ನಮ್ಮವರು ಮಾಡುವ ತಪ್ಪೊಂದಿದೆ. ರಾಗಿ ಸರಿ ಹಿಟ್ಟು ಒಯ್ದು, ವಿಮಾನದಲ್ಲಿ ಬಿಸಿನೀರಿಗೆ ಕಲಸಿ ತಿನ್ನಿಸುತ್ತಾರೆ. ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟು ಅದು, ಹಸಿಯೇ ಇರುತ್ತದೆ. ಒಲೆಯ ಮೇಲೆ ಕುದಿದು ಬೆಂದರೆ ಮಾತ್ರ ಮಗುವಿಗೆ ಜೀರ್ಣ. ಲೋಟದ ಬಿಸಿನೀರಿನಲ್ಲಿ ಅದು ಬೇಯುವುದಿಲ್ಲ, ಹೊಟ್ಟೆ ಕೆಡಿಸುತ್ತದೆ. ಪ್ರಯಾಣಕ್ಕೆ ಬೇಕಾದದ್ದು ರಾಗಿ ಹುರಿಹಿಟ್ಟು. ರಾಗಿಯನ್ನು ಅರಳಿಸಿ ಬೀಸಿರುವುದರಿಂದ ಅದು ಆಗಲೇ ಬೆಂದ ಹಿಟ್ಟು, ಬಿಸಿನೀರೋ ಹಾಲೋ ಹಾಕಿ ಕಲಸಿದರೆ ಸಾಕು. ತೆಳು ಅವಲಕ್ಕಿಯನ್ನು ಗರಿಗರಿಯಾಗಿ ಹುರಿದು ನುಣ್ಣಗೆ ಪುಡಿಮಾಡಿದರೂ ಹಾಗೆಯೇ, ಬಿಸಿನೀರಿನಲ್ಲಿ ಐದು ನಿಮಿಷಕ್ಕೆ ಅರಳಿ ಮೆತ್ತಗಾಗುತ್ತದೆ. ಇವೆರಡನ್ನೂ ಹೊರಡುವ ಎರಡು ವಾರ ಮೊದಲೇ ಮನೆಯಲ್ಲಿ ತಿನ್ನಿಸಿ ಅಭ್ಯಾಸ ಮಾಡಿಸಿ.

ಎಂಟು ತಿಂಗಳು ಮೇಲ್ಪಟ್ಟವರಿಗೆ ಬಾಳೆಹಣ್ಣು ಮತ್ತು ಮೆತ್ತನೆಯ ಇಡ್ಲಿ ಚೆನ್ನ. ಇಡ್ಲಿಯನ್ನು ಮೊದಲ ಹಾರಾಟದೊಳಗೆ ಮುಗಿಸಿ. ಮೊಸರನ್ನ, ಬೇಳೆ ಹಾಕಿದ ಅನ್ನ, ಬೇಯಿಸಿದ ಸರಿ ಇವು ತಣ್ಣಗಾದ 2 ಗಂಟೆಯ ಮೇಲೆ ಬೇಡವೇ ಬೇಡ. ದ್ರಾಕ್ಷಿ, ಕಡಲೆಬೀಜ, ಪಾಪ್‌ಕಾರ್ನ್, ಖರ್ಜೂರದ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳುವ ಪದಾರ್ಥಗಳು, ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳು ಎಳೆ ಕರುಳಿನಲ್ಲಿ ಬೆಳೆದು ಪ್ರಾಣಕ್ಕೇ ಅಪಾಯ ತರುತ್ತವೆ.

ಇದೇ ಜಾಗದಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ದಾರಿಯುದ್ದಕ್ಕೂ ಮಲಗಿರಲಿ ಎಂದು ನೆಗಡಿಯ ಸಿರಪ್ ಕುಡಿಸುವ ಸಲಹೆ, ಬಜೆ ತೇಯ್ದು ನೆಕ್ಕಿಸುವ ಸಲಹೆ ಎರಡನ್ನೂ ನಾನು ಬಲ್ಲೆ. ಹೇಳಿದವರು ಪ್ರೀತಿಯಿಂದಲೇ ಹೇಳಿರುತ್ತಾರೆ. ದಯವಿಟ್ಟು ಎರಡನ್ನೂ ಕೊಡಬೇಡಿ. ಉಸಿರಾಟ ನಿಧಾನವಾದರೆ ಆಕಾಶದಲ್ಲಿ ಮಕ್ಕಳ ಆಸ್ಪತ್ರೆ ಇರುವುದಿಲ್ಲ.

4. ಭದ್ರತಾ ತಪಾಸಣೆ

ಕೈಚೀಲದ ದ್ರವಗಳಿಗೆ 100 ಮಿಲಿಲೀಟರಿನ ಮಿತಿ ಹೆಚ್ಚಿನ ದೇಶಗಳಲ್ಲಿದೆ. ಜೊತೆಯಲ್ಲಿ ಪ್ರಯಾಣಿಸುವ ಮಗುವಿನ ಹಾಲು, ಆಹಾರ, ಕುದಿಸಿದ ನೀರಿಗೆ ಪ್ರಯಾಣಕ್ಕೆ ಬೇಕಾಗುವಷ್ಟು ಪ್ರಮಾಣದಲ್ಲಿ ವಿನಾಯಿತಿ ಇದೆ. ಚೀಲದ ತಳದಲ್ಲಿ ಬಚ್ಚಿಟ್ಟಂತೆ ಇಡಬೇಡಿ. ಎಲ್ಲವನ್ನೂ ಹೊರತೆಗೆದು ಬೇರೆ ತಟ್ಟೆಯಲ್ಲಿಟ್ಟು, "ಇದು ಮಗುವಿನ ಹಾಲು" ಎಂದು ಕೇಳುವ ಮೊದಲೇ ಹೇಳಿ. ಒಂದು ಗುಟುಕು ಕುಡಿದು ತೋರಿಸಿ ಎನ್ನಬಹುದು, ಚಮಚಕ್ಕೆ ಹಾಕಿಕೊಂಡು ರುಚಿ ನೋಡಿ. ಬಾಟಲಿಗೆ ಬಾಯಿ ಹಚ್ಚಬೇಡಿ.

ದೇಶದಿಂದ ದೇಶಕ್ಕೆ ಸಣ್ಣ ವ್ಯತ್ಯಾಸಗಳಿವೆ. ಅಮೆರಿಕದಲ್ಲಿ ಎದೆಹಾಲು ಒಯ್ಯಲು ಮಗು ಜೊತೆಗಿರಲೇಬೇಕೆಂದಿಲ್ಲ, ಅದನ್ನು ತಂಪಾಗಿಡುವ ಐಸ್ ಪ್ಯಾಕ್ ಅರೆಗರಗಿದ್ದರೂ ಬಿಡುತ್ತಾರೆ. ಬ್ರಿಟನ್ನಿನಲ್ಲಿ ದ್ರವರೂಪದ ಎದೆಹಾಲಿಗೆ ಅಡ್ಡಿಯಿಲ್ಲ, ಆದರೆ ಹೆಪ್ಪುಗಟ್ಟಿದ ಎದೆಹಾಲನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ಲಂಡನ್ನಿನಿಂದ ಬೆಂಗಳೂರಿಗೆ ಬರುವ ತಾಯಂದಿರಿಗೆ ಇದು ತಿಳಿದಿರಬೇಕು.

ಫ್ಲಾಸ್ಕನ್ನು ತಪಾಸಣೆಗೆ ಖಾಲಿಯಾಗಿ ಒಯ್ದು, ಒಳಗಿನ ಹೋಟೆಲಿನಲ್ಲಿ ಕುದಿನೀರು ತುಂಬಿಸಿಕೊಳ್ಳುವುದು ವಾದವಿಲ್ಲದ ದಾರಿ. ನೀರು ಕುದಿದದ್ದೇ ಎಂದು ಕಣ್ಣಾರೆ ನೋಡಿ ತುಂಬಿಸಿ.

5. ಏರುವಾಗ, ಇಳಿಯುವಾಗ

ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಕಿವಿಯ ಒಳಭಾಗವನ್ನು ಗಂಟಲಿಗೆ ಜೋಡಿಸುವ ಯುಸ್ಟೇಶಿಯನ್ ನಾಳ ತೆರೆದರೆ ಒತ್ತಡ ಸಮವಾಗುತ್ತದೆ, ಇಲ್ಲದಿದ್ದರೆ ಕಿವಿ ನೋಯುತ್ತದೆ. ನಾವು ಆಕಳಿಸುತ್ತೇವೆ, ಎಂಜಲು ನುಂಗುತ್ತೇವೆ. ಕೂಸಿಗೆ ನುಂಗಿಸುವ ಸುಲಭ ಉಪಾಯ ಹಾಲುಣಿಸುವುದು. ಏರುವಾಗಿನ ನೋವಿಗಿಂತ ಇಳಿಯುವಾಗಿನದು ಹೆಚ್ಚು. ತಾಯಂದಿರು ಮಾಡುವುದು ಇದಕ್ಕೆ ತಿರುಗುಮುರುಗು. ಬಾಗಿಲು ಮುಚ್ಚಿದ ಕೂಡಲೇ ಗಾಬರಿಯಿಂದ ಹಾಲು ಕೊಡುತ್ತಾರೆ, ವಿಮಾನ ಸರದಿಯಲ್ಲಿ ಅರ್ಧ ಗಂಟೆ ನಿಲ್ಲುತ್ತದೆ, ಏರುವ ಹೊತ್ತಿಗೆ ಮಗು ಹೊಟ್ಟೆ ತುಂಬಿ ಮುಖ ತಿರುಗಿಸುತ್ತದೆ.

ಹೀಗೆ ಮಾಡಿ. ಏರುವಾಗ, ಎಂಜಿನ್ ಜೋರಾಗಿ ಮೊರೆದು ವಿಮಾನ ಓಡತೊಡಗಿದ ಮೇಲೆ ಹಾಲು ಕೊಡಿ. ಇಳಿಯುವಾಗ, ನೆಲ ಮುಟ್ಟುವ ಅರ್ಧ ಗಂಟೆ ಮೊದಲೇ ವಿಮಾನ ಕೆಳಗಿಳಿಯತೊಡಗುತ್ತದೆ. ಪೈಲಟ್ ಅದನ್ನು ಪ್ರಕಟಿಸಿದಾಗ ಶುರುಮಾಡಿ, ನಡುನಡುವೆ ನಿಲ್ಲಿಸಿ ನೆಲ ಮುಟ್ಟುವವರೆಗೂ ಎಳೆಯಿರಿ. ಅದಕ್ಕೆ ಮುನ್ನಿನ ಒಂದು ಗಂಟೆ ಹೊಟ್ಟೆ ತುಂಬಿಸಬೇಡಿ. ಮಗು ಗಾಢ ನಿದ್ದೆಯಲ್ಲಿದ್ದರೆ ಎಬ್ಬಿಸಲೇಬೇಕೆಂದಿಲ್ಲ. ಹಾಲು ಕುಡಿಸುವಾಗಲೂ ಮಗುವಿಗೆಂದು ಕೊಟ್ಟ ಪುಟ್ಟ ಬೆಲ್ಟ್ ಪಟ್ಟಿ ನಿಮ್ಮ ಪಟ್ಟಿಗೆ ಸೇರಿಸಿ ಬಿಗಿದಿರಲಿ. ನಿಮ್ಮ ಪಟ್ಟಿಯನ್ನೇ ಇಬ್ಬರಿಗೂ ಸುತ್ತಬೇಡಿ, ಜೋರಾಗಿ ಕುಲುಕಿದರೆ ನಿಮ್ಮ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ತೊಟ್ಟಿಲ ಸೀಟಿನ ಮುಂದೆ ಗೋಡೆ ಇರುವುದರಿಂದ ಕಾಲಬಳಿ ಚೀಲ ಇಡಲು ಬಿಡುವುದಿಲ್ಲ, ಏರುವಾಗ ಇಳಿಯುವಾಗ ಎಲ್ಲವೂ ತಲೆಯ ಮೇಲಿನ ಕಪಾಟಿಗೆ ಹೋಗಬೇಕು. ನನ್ನ ಮೊದಲ ಪ್ರಯಾಣದಲ್ಲಿ ಇದು ತಿಳಿಯದೆ ಬಾಟಲಿ ಮೇಲುಗಡೆ ಉಳಿದುಹೋಯಿತು, ಬೆಲ್ಟ್ ದೀಪ ಆರುವವರೆಗೂ ಮಗಳು ಅತ್ತಳು. ಈಗ ಒಂದು ಸಲದ ಹಾಲು, ಒಂದು ಬಟ್ಟೆಯನ್ನು ಸೊಂಟದ ಚೀಲದಲ್ಲೇ ಇಟ್ಟುಕೊಳ್ಳುತ್ತೇನೆ.

6. ಆಕಾಶದಲ್ಲಿ

ಹಾರಾಟದಲ್ಲಿ ಒಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ಅಲ್ಲಿ ಗಾಳಿ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ, ಮಗುವಿನ ಹೊಟ್ಟೆಯೊಳಗಿನದೂ ಸೇರಿ. ಒಮ್ಮೆಗೆ ಹೊಟ್ಟೆ ಬಿರಿಯ ಕುಡಿಸುವ ಬದಲು ಸ್ವಲ್ಪ ಸ್ವಲ್ಪವೇ ಕೊಡಿ, ಪ್ರತಿ ಸಲವೂ ಹೆಗಲಿಗೆ ಹಾಕಿ ಬೆನ್ನು ಸವರಿ ತೇಗು ಬರಿಸಿ. ಬಾಟಲಿಯೊಳಗಿನ ಗಾಳಿಯೂ ಹಿಗ್ಗಿರುತ್ತದೆ. ಕೊಡುವ ಮುನ್ನ ಮುಚ್ಚಳವನ್ನು ಒಮ್ಮೆ ಸಡಿಲಿಸಿ ಬಿಗಿಯಿರಿ, ಇಲ್ಲದಿದ್ದರೆ ಹಾಲು ಚಿಮ್ಮಿ ಕೂಸಿನ ಮೂಗಿಗೆ ಹೋಗುತ್ತದೆ.

ಎದೆಹಾಲುಣಿಸುವ ತಾಯಿ ಕಿಟಕಿಯ ಬದಿ ಕೂತರೆ ಮುಜುಗರ ಕಡಿಮೆ, ತೆಳುವಾದ ಹತ್ತಿಯ ದುಪಟ್ಟಾ ಸಾಕು. ಗಡಿಯಾರ ನೋಡಬೇಡಿ, ಮಗು ಕೇಳಿದಾಗೆಲ್ಲ ಕೊಡಿ. ಕೆಲವು ಮಕ್ಕಳು ಹಸಿವಿಲ್ಲದಿದ್ದರೂ ಸಮಾಧಾನಕ್ಕೆಂದು ಎದೆ ಹುಡುಕುತ್ತವೆ, ಅದನ್ನು ತಡೆಯಬೇಡಿ. ವಿಮಾನದ ಗಾಳಿ ಬಹಳ ಒಣ, ತೇವಾಂಶ ಶೇಕಡಾ 20ಕ್ಕಿಂತ ಕೆಳಗಿರುತ್ತದೆ. ಹಾಗಾಗಿ ಪ್ರತಿ ಸಲ ಹಾಲುಣಿಸಿದಾಗಲೂ ನೀವೊಂದು ಲೋಟ ನೀರು ಕುಡಿಯಿರಿ. ಊಟದ ತಟ್ಟೆ ಬಂದಾಗ ಮಗು ಮಡಿಲಲ್ಲಿದೆ ಎಂದು ಹಿಂದಿರುಗಿಸಬೇಡಿ. ಆಮೇಲೆ ಬಿಸಿಮಾಡಿ ಕೊಡಿ ಎಂದು ಸಿಬ್ಬಂದಿಗೆ ಹೇಳಿ. ನಾಚಿಕೆಗೆ ಉಪವಾಸವಿದ್ದು ತಲೆಸುತ್ತು ಬಂದ ತಾಯಂದಿರನ್ನು ಕಂಡಿದ್ದೇನೆ, ನನಗೆ ತುಂಬ ನೋವಾಗುತ್ತದೆ. ಚೀಲದಲ್ಲಿ ನಿಮಗಾಗಿ ಚಪಾತಿ, ಚಟ್ನಿಪುಡಿ, ಅಂಟಿನುಂಡೆ ಇರಲಿ. ಎದೆ ಗಟ್ಟಿಯಾಗಿ ನೋಯುತ್ತಿದ್ದರೆ, ಮಗು ಮಲಗಿದ್ದರೂ ಸ್ವಲ್ಪ ಹಿಂಡಿ ತೆಗೆಯಿರಿ, ಹಾಗೇ ಬಿಟ್ಟರೆ ಬಾವು ಬಂದು ಜ್ವರ ಏರೀತು.

ಪುಡಿಹಾಲು ಕಲಸುವ ಕ್ರಮ ಹೀಗೆ. ಪುಡಿ ಪೂರ್ತಿ ಕ್ರಿಮಿಮುಕ್ತವಲ್ಲ, ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 70 ಡಿಗ್ರಿಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಕಲಸಲು ಹೇಳುತ್ತದೆ. ಫ್ಲಾಸ್ಕಿನ ನೀರು ಹಬೆಯಾಡುವಷ್ಟು ಬಿಸಿ ಇರುವಾಗಲೇ ಕಲಸಿ, ಸಿಬ್ಬಂದಿಯಿಂದ ಒಂದು ಲೋಟ ಐಸ್ ನೀರು ಪಡೆದು ಅದರಲ್ಲಿ ಬಾಟಲಿ ಕೂರಿಸಿ ತಣಿಸಿ. ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟುಕೊಂಡಾಗ ಬಿಸಿ ಎನಿಸಬಾರದು. ಕಲಸಿದ ಹಾಲು 2 ಗಂಟೆಯೊಳಗೆ ಮುಗಿಯಬೇಕು, ಮಗು ಕುಡಿಯಲು ಶುರುಮಾಡಿದ್ದರೆ ಒಂದೇ ಗಂಟೆ. ಆಮೇಲೆ ಉಳಿದದ್ದನ್ನು ಚೆಲ್ಲಿ. ದುಬಾರಿ ಹಾಲು ಎಂದು ಕರುಳು ಚುರ್ರೆನ್ನುತ್ತದೆ, ಆದರೂ ಚೆಲ್ಲಿ. ವಿಮಾನದ ಅಡುಗೆಕಟ್ಟೆಯಲ್ಲಿ ಬಿಸಿನೀರು ಕೊಡುತ್ತಾರೆ, ಅದನ್ನು ಬಾಟಲಿ ಮುಳುಗಿಸಿ ಬೆಚ್ಚಗೆ ಮಾಡಲು ಬಳಸಿ. ಕಲಸಲು ಫ್ಲಾಸ್ಕಿನ ನೀರೇ ಮೇಲು. ಎರಡು ತಿಂಗಳೊಳಗಿನ ಕೂಸಿಗೆ ಪುಡಿಗಿಂತ ಕಲಸಿಟ್ಟೇ ಬರುವ ದ್ರವರೂಪದ ಶಿಶುಹಾಲು ಸುರಕ್ಷಿತ. ಅದು ಅಮೆರಿಕ, ಬ್ರಿಟನ್ನಿನ ಅಂಗಡಿಗಳಲ್ಲಿ ಸಿಗುತ್ತದೆ.

ಮಗು ಮಡಿಲಲ್ಲಿರುವಾಗ ಕುದಿನೀರಿನ ಲೋಟ ನಿಮ್ಮ ಮೇಜಿನ ಮೇಲೆ ಇರಕೂಡದು. ಪಕ್ಕದ ಸೀಟಿನವರ ಕಾಫಿ ಲೋಟವೂ ಅಷ್ಟೇ, ಸ್ವಲ್ಪ ದೂರವಿಡಿ ಎಂದು ವಿನಯದಿಂದ ಕೇಳಿ. ಒಂಟಿಯಾಗಿ ಹೋಗುವವರು ಬಾಟಲಿಯನ್ನು ಅಡುಗೆಕಟ್ಟೆಯಲ್ಲೇ ಬೆಚ್ಚಗೆ ಮಾಡಿಕೊಡಲು ಸಿಬ್ಬಂದಿಯನ್ನು ಕೋರಿ.

7. ನಡುದಾರಿಯ ನಿಲ್ದಾಣ

ವಿಮಾನ ಬದಲಿಸುವಲ್ಲಿ ಮತ್ತೊಮ್ಮೆ ತಪಾಸಣೆ ಇರುತ್ತದೆ. ಅಮೆರಿಕಕ್ಕೆ ಹೋಗುವ ವಿಮಾನಗಳಿಗೆ ಕೆಲವೆಡೆ ಹತ್ತುವ ಬಾಗಿಲಲ್ಲೂ ಇನ್ನೊಮ್ಮೆ ನೋಡುತ್ತಾರೆ, ನಿಮಗೆಂದು ಕೊಂಡ ನೀರು ಅಲ್ಲಿ ಹೋಗಬಹುದು. ಇಳಿದ ಕೂಡಲೇ ಶಿಶು ಆರೈಕೆ ಕೊಠಡಿ ಹುಡುಕಿ. ಬಟ್ಟೆ ಬದಲಿಸಿ, ನೆಮ್ಮದಿಯಿಂದ ಹಾಲುಣಿಸಿ, ಫ್ಲಾಸ್ಕಿಗೆ ಹೊಸ ಕುದಿನೀರು ತುಂಬಿಸಿ, ಐಸ್ ಪ್ಯಾಕ್ ಕರಗಿದೆಯೇ ನೋಡಿ. ಅಂಗಡಿ ಸುತ್ತುವುದೆಲ್ಲ ಇದಾದ ಮೇಲೆ.

ವಾಂತಿ ಭೇದಿ ಕಾಣಿಸಿದರೆ ಹಾಲು ನಿಲ್ಲಿಸಬೇಡಿ. ವೈದ್ಯರ ಸಲಹೆಯಂತೆ ಓಆರ್‌ಎಸ್ ಪೊಟ್ಟಣಗಳನ್ನು ಮೊದಲೇ ಇಟ್ಟುಕೊಂಡಿರಿ, 200 ಮಿಲಿಲೀಟರಿನ ಚಿಕ್ಕ ಪೊಟ್ಟಣವೇ ಅನುಕೂಲ. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೋಟ ನೀರಿಗೆ ಹಾಕಿದರೆ ಉಪ್ಪು ಮಿತಿಮೀರಿ ಮಗುವಿಗೆ ಕೇಡು.

8. ಇಳಿದ ಮೇಲೆ

ಉಳಿದ ತಿಂಡಿಯನ್ನು ಸುಂಕದ ಪತ್ರದಲ್ಲಿ ಘೋಷಿಸಿ. ಆಸ್ಟ್ರೇಲಿಯಾ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮನೆಯಲ್ಲಿ ಮಾಡಿದ ಹುರಿಹಿಟ್ಟನ್ನು ಅಲ್ಲಿನ ಅಧಿಕಾರಿಗಳು ತೆಗೆದಿರಿಸಿದರೂ ಇರಿಸಬಹುದು, ಹೇಳದೆ ಸಿಕ್ಕಿಬಿದ್ದರೆ ದಂಡ. ಬಾಳೆಹಣ್ಣು, ಇಡ್ಲಿ ಏನೇ ಉಳಿದಿದ್ದರೂ ವಿಮಾನದಲ್ಲೇ ಬಿಟ್ಟುಬಿಡಿ. ಅಬುಧಾಬಿಯ ಮೂಲಕ ಅಮೆರಿಕಕ್ಕೆ ಹೋಗುವವರಿಗೆ ಅಮೆರಿಕದ ವಲಸೆ, ಸುಂಕದ ತಪಾಸಣೆ ಅಬುಧಾಬಿಯಲ್ಲೇ ನಡೆಯುತ್ತದೆ. ಹಾಗಾಗಿ ಅವರಿಗೆ ಈ ಪ್ರಶ್ನೆಗಳು ಉದ್ದದ ಹಾರಾಟಕ್ಕೆ ಮೊದಲೇ ಎದುರಾಗುತ್ತವೆ.

ನಿಲ್ದಾಣದಿಂದ ಮನೆಗೆ ಹೋಗುವ ಕಾರಿನ ಹೊತ್ತಿಗೆ ಎರಡು ಸಲದ ಹಾಲು ಮುಟ್ಟದೆ ಉಳಿದಿರಲಿ. ಕಾರು ಓಡುತ್ತಿರುವಾಗ ಮಗುವನ್ನು ಸೀಟಿನಿಂದ ಎತ್ತಿ ಹಾಲುಣಿಸಬೇಡಿ, ಪಕ್ಕಕ್ಕೆ ನಿಲ್ಲಿಸಿ ಕುಡಿಸಿ. ಮೊದಲ ನಾಲ್ಕೈದು ರಾತ್ರಿ ಮಗು ಊರಿನ ಹಗಲಿನ ಹೊತ್ತಿಗೇ ಎದ್ದು ಹಾಲು ಕೇಳುತ್ತದೆ. ದೀಪ ಮಂದವಾಗಿಟ್ಟು, ಮಾತಾಡಿಸದೆ ಆಡಿಸದೆ ಕುಡಿಸಿ ಮಲಗಿಸಿ. ಹಗಲಲ್ಲಿ ಪರದೆ ಸರಿಸಿ ಬೆಳಕಿನಲ್ಲಿ ಹಾಲುಣಿಸಿ. ತಲುಪಿದ ರಾತ್ರಿ ಎಷ್ಟೇ ದಣಿದಿದ್ದರೂ ಆರು ಬಾಟಲಿಗಳನ್ನೂ ಸೋಪಿನಲ್ಲಿ ತೊಳೆದು ಕುದಿಸಿಟ್ಟು ಮಲಗಿ, ನಡುರಾತ್ರಿ ಎರಡಕ್ಕೆ ಅವು ಬೇಕಾಗುತ್ತವೆ.